ಒತ್ತಡ ಇಳಿಸಿದ ಪೇಂಟ್‌ಬಾಲ್ ಮಾರ್ಕರ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ನಿನ್ನೆ ಸಂಜೆ ಸರಿಯಾಗಿ ಹೊಡೆಯುತ್ತಿದ್ದ ಮಾರ್ಕರ್, ಅಂದರೆ ಬಣ್ಣದ ಚೆಂಡು ಹೊಡೆಯುವ ಪೇಂಟ್‌ಬಾಲ್ ಕೋವಿ, ಇವತ್ತು ಬೆಳಿಗ್ಗೆ ಟ್ರಿಗರ್ ಒತ್ತಿದ ಕೂಡಲೇ ಟಕಟಕಟಕ ಎಂದು ತನ್ನಷ್ಟಕ್ಕೆ ಬಡಿದುಕೊಳ್ಳುತ್ತದೆ. ಚೆಂಡು ನಾಲ್ಕು ಮಾರು ದೂರದ ಕಾಫಿ ಗಿಡದ ಬುಡದಲ್ಲಿ ಬೀಳುತ್ತದೆ. ಹಿಡಿದವರು ಮೊದಲು ಮಾಡುವ ಕೆಲಸ ಗ್ಯಾಸಿನ ಒತ್ತಡ ಹೊಂದಿಸುವ ರೆಗ್ಯುಲೇಟರ್ ತಿರುಗಿಸಿ ಒತ್ತಡ ಏರಿಸುವುದು. ಸರಿಹೋಗಲಿಲ್ಲ ಎಂದರೆ ಇನ್ನೂ ಏರಿಸುವುದು. ಕೊನೆಗೆ "ಈ ಲೋ ಪ್ರೆಷರ್ ಸಹವಾಸ ಬೇಡ, ಹಳೇ ಸ್ಪ್ರಿಂಗನ್ನೇ ಹಾಕಿಬಿಡಿ" ಎಂದು ನನ್ನ ಮೇಜಿನ ಮೇಲಿಟ್ಟು ಹೋಗುವುದು.

ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ತೋಟದ ಅಂಚಿನಲ್ಲಿರುವ ಮೈದಾನದ ಹನ್ನೆರಡು ಮಾರ್ಕರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಅದರಲ್ಲಿ ಒಂಬತ್ತಕ್ಕೆ ಒಳಗಿನ ಭಾಗ ಬದಲಿಸಿ ಕೆಲಸದ ಒತ್ತಡವನ್ನು 800 ಪಿಎಸ್‌ಐಯಿಂದ (ಚದರ ಇಂಚಿಗೆ ಪೌಂಡ್) 400ರ ಆಸುಪಾಸಿಗೆ ಇಳಿಸಿದ್ದೇನೆ. ಇಳಿಸುವುದು ಕಷ್ಟವಲ್ಲ. ಇಳಿಸಿದ ಮೇಲೆ ಏನಾದರೂ ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದೇ ಕಷ್ಟ, ಏಕೆಂದರೆ ದೋಷ ಒಂದು ಕಡೆ ಇರುತ್ತದೆ, ಕಾಣಿಸಿಕೊಳ್ಳುವುದು ಇನ್ನೊಂದು ಕಡೆ. ಇಲ್ಲಿ ಬರೆಯುತ್ತಿರುವುದು ಸ್ಪೈಡರ್ ಮಾದರಿಯ ಬ್ಲೋಬ್ಯಾಕ್ ಮಾರ್ಕರ್‌ಗಳ ಬಗ್ಗೆ, ಅಂದರೆ ಮೇಲಿನ ಕೊಳವೆಯಲ್ಲಿ ಚೆಂಡನ್ನು ಮುಂದೂಡುವ ಬೋಲ್ಟ್, ಕೆಳಗಿನದರಲ್ಲಿ ಬಡಿಯುವ ಹ್ಯಾಮರ್ ಮತ್ತು ಗ್ಯಾಸ್ ಬಿಡುವ ವಾಲ್ವ್ ಇರುವಂಥವು. ಟಿಪ್‌ಮನ್ 98 ಎಂಬ ಇನ್ನೊಂದು ಮಾದರಿಯಲ್ಲಿ ಇವೆಲ್ಲ ಒಂದೇ ಸಾಲಿನಲ್ಲಿ ಕೂತಿರುತ್ತವೆ, ಆದರೂ ಹೆಚ್ಚಿನ ಮಾತು ಅದಕ್ಕೂ ಹೊಂದುತ್ತದೆ. ಎಲೆಕ್ಟ್ರಾನಿಕ್ ಸ್ಪೂಲ್ ವಾಲ್ವ್ ಮಾರ್ಕರ್‌ಗಳ ಲೆಕ್ಕವೇ ಬೇರೆ. ಅವುಗಳಿಗೆ ಇದನ್ನು ಅನ್ವಯಿಸಬೇಡಿ.

ಬಿಚ್ಚುವ ಮೊದಲು ಒಂದು ಮಾತು. ಚೆಂಡು ತುಂಬುವ ಹಾಪರ್ ತೆಗೆಯಿರಿ, ಟ್ಯಾಂಕ್ ಬಿಚ್ಚಿ, ಒಳಗೆ ಉಳಿದ ಗ್ಯಾಸನ್ನು ನೆಲದ ಕಡೆಗೆ ಖಾಲಿ ಹೊಡೆದು ಮುಗಿಸಿ, ಆಮೇಲೆ ಪಿನ್ ಎಳೆಯಿರಿ. ಕೊಡವರ ಆಯುಧಪೂಜೆಯಾದ ಕೈಲ್ ಮುಹೂರ್ತದಂದು ಕೋವಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುವ ನಾಡು ಇದು. ಖಾಲಿ ಎಂದು ಗೊತ್ತಿದ್ದರೂ ಕೋವಿಯ ಬಾಯನ್ನು ಮನುಷ್ಯರ ಕಡೆಗೆ ತಿರುಗಿಸಬಾರದು ಎಂದು ಇಲ್ಲಿ ಮಕ್ಕಳಿಗೂ ಹೇಳಿಕೊಡುತ್ತಾರೆ. ಅದೇ ಶಿಸ್ತು ಮಾರ್ಕರ್‌ಗೂ ಬೇಕು. ಮೂರು ಗ್ರಾಂ ತೂಗುವ ಚೆಂಡು ಸೆಕೆಂಡಿಗೆ 300 ಅಡಿ ವೇಗದಲ್ಲಿ ಬಂದರೆ ಅದರಲ್ಲಿ ಸುಮಾರು 12 ಜೂಲ್ ಶಕ್ತಿ ಇರುತ್ತದೆ. ಕಣ್ಣು ಹೋಗಲು ಅಷ್ಟು ಧಾರಾಳವಾಗಿ ಸಾಕು. ಮೇಜಿನ ಮುಂದೆ ಕೂತು ಪರೀಕ್ಷಿಸುವಾಗಲೂ ನಾನು ಮುಖವಾಡ ತೆಗೆಯುವುದಿಲ್ಲ. ಟ್ಯಾಂಕ್, ಅದರ ಮೇಲಿನ ರೆಗ್ಯುಲೇಟರ್, ಒತ್ತಡ ಮೀರಿದರೆ ಒಡೆಯುವ ಬರ್ಸ್ಟ್ ಡಿಸ್ಕ್ ಇವುಗಳಿಗೆ ಮಾತ್ರ ಕೈ ಹಾಕಲೇಬೇಡಿ. ಮಾರ್ಪಾಡು ಏನಿದ್ದರೂ ಮಾರ್ಕರ್ ಒಳಗೆ.

ಇಳಿಸುವುದು ಏಕೆ

ಒತ್ತಡ ಇಳಿಸಿದರೆ ಗುರಿ ಚೆನ್ನಾಗುತ್ತದೆ, ಚೆಂಡು ದೂರ ಹೋಗುತ್ತದೆ ಎಂದು ನಂಬಿದವರು ತುಂಬಾ ಜನ. ಹಾಗಾಗುವುದಿಲ್ಲ. ಚೆಂಡು ಎಷ್ಟು ದೂರ ಹೋಗುತ್ತದೆ ಎನ್ನುವುದನ್ನು ಬ್ಯಾರಲ್ ಬಾಯಿ ದಾಟುವಾಗಿನ ವೇಗ ತೀರ್ಮಾನಿಸುತ್ತದೆ. ಹಿಂದೆ 800 ಇತ್ತೋ 300 ಇತ್ತೋ ಎನ್ನುವುದು ಚೆಂಡಿಗೆ ತಿಳಿಯದು. ನಾನು ಇಳಿಸಿದ್ದು ನಮ್ಮ ಹವೆಯ ಕಾರಣಕ್ಕೆ.

ನಮ್ಮಲ್ಲಿ ಹೆಚ್ಚಿನ ಟ್ಯಾಂಕ್‌ಗಳು ಕಾರ್ಬನ್ ಡೈಆಕ್ಸೈಡ್‌ನವು. ಅದು ಟ್ಯಾಂಕಿನೊಳಗೆ ದ್ರವವಾಗಿರುತ್ತದೆ, ಮೇಲಿರುವ ಆವಿಯ ಒತ್ತಡ ಉಷ್ಣತೆಯ ಜೊತೆಗೇ ಏರಿಳಿಯುತ್ತದೆ. ಡಿಸೆಂಬರ್ ಬೆಳಿಗ್ಗೆ 12 ಡಿಗ್ರಿ ಇದ್ದಾಗ ಅದು ಸುಮಾರು 670 ಪಿಎಸ್‌ಐ. ಮಧ್ಯಾಹ್ನ ಬಿಸಿಲಿಗಿಟ್ಟ ಟ್ಯಾಂಕ್ 28 ಡಿಗ್ರಿಗೆ ಬಂದರೆ ಸುಮಾರು 980. ರೆಗ್ಯುಲೇಟರ್ ಇಲ್ಲದ ಮಾರ್ಕರ್ ಒಂದೇ ದಿನದಲ್ಲಿ ಇಷ್ಟು ಅಂತರವನ್ನು ನುಂಗಬೇಕು. ಮಂಜು ಕವಿದ ಬೆಳಿಗ್ಗೆ ವೇಗ ಹೊಂದಿಸಿ ಕೊಟ್ಟರೆ, ಬಿಸಿಲೇರುವ ಹೊತ್ತಿಗೆ ಅದೇ ಮಾರ್ಕರ್ ಸೆಕೆಂಡಿಗೆ 300 ಅಡಿ ದಾಟುತ್ತದೆ. ಜೋರಾಗಿ ಹೊಡೆದರೆ ದ್ರವ ಆವಿಯಾಗುವಾಗ ಟ್ಯಾಂಕ್ ತಣ್ಣಗಾಗಿ ಒತ್ತಡ ಮತ್ತೆ ಕುಸಿಯುತ್ತದೆ. ನಡುವೆ ಒಂದು ರೆಗ್ಯುಲೇಟರ್ ಹಾಕಿ, ಟ್ಯಾಂಕ್ ಎಂದೂ ಇಳಿಯದಷ್ಟು ಕೆಳಗೆ, ಅಂದರೆ 400ಕ್ಕೆ, ಕೆಲಸದ ಒತ್ತಡವನ್ನು ನಿಲ್ಲಿಸಿದರೆ ಬೆಳಿಗ್ಗೆ ಮಧ್ಯಾಹ್ನದ ಭೇದ ಮಾರ್ಕರ್‌ಗೆ ತಾಗುವುದೇ ಇಲ್ಲ.

ಈ ಆಟದ ಮೂಲವೇ ಕಾಡಿನ ಕೆಲಸ ಎನ್ನುವುದು ತೋಟದವರಿಗೆ ಇಷ್ಟವಾಗುವ ಸಂಗತಿ. ಅಮೆರಿಕದಲ್ಲಿ ಕಡಿಯಬೇಕಾದ ಮರಗಳಿಗೆ ದೂರದಿಂದಲೇ ಬಣ್ಣದ ಗುರುತು ಹಾಕಲು ನೆಲ್‌ಸ್ಪಾಟ್ 007 ಎಂಬ ಪಿಸ್ತೂಲು ಇತ್ತು. 1981ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹನ್ನೆರಡು ಮಂದಿ ಅದನ್ನೇ ಹಿಡಿದು ಮೊದಲ ಆಟ ಆಡಿದರು. ನಮ್ಮಲ್ಲಿ ಸಿಲ್ವರ್ ಓಕ್‌ಗೆ ಇವತ್ತಿಗೂ ಬ್ರಷ್ ಹಿಡಿದು ನಂಬರ್ ಬರೆಯುತ್ತಾರೆ.

ಒತ್ತಡ, ದಾರಿ, ಹೊತ್ತು

ದೋಷ ಹುಡುಕಬೇಕಾದರೆ ಒಂದು ಹೊಡೆತದಲ್ಲಿ ಒಳಗೆ ಏನಾಗುತ್ತದೆ ಎನ್ನುವುದು ಕಣ್ಣಿಗೆ ಕಟ್ಟಿರಬೇಕು. ಟ್ರಿಗರ್ ಒತ್ತಿದಾಗ ಹ್ಯಾಮರನ್ನು ಹಿಡಿದಿಟ್ಟ ಕೊಕ್ಕೆ, ಅಂದರೆ ಸಿಯರ್, ಜಾರುತ್ತದೆ. ಮೇನ್ ಸ್ಪ್ರಿಂಗ್ ತಳ್ಳಿದ ಹ್ಯಾಮರ್ ಮುಂದೆ ಓಡಿ ವಾಲ್ವಿನ ಕಡ್ಡಿಗೆ ಬಡಿಯುತ್ತದೆ. ವಾಲ್ವಿನ ಬಾಯಿ ಮುಚ್ಚುವ ಕಪ್ ಸೀಲ್ ಕೂತ ಜಾಗದಿಂದ ಎದ್ದು ಗ್ಯಾಸ್ ಎರಡು ಕಡೆಗೆ ಹೊರಡುತ್ತದೆ. ಒಂದು ಪಾಲು ಮೇಲಿನ ತೂತಿನಿಂದ ಬೋಲ್ಟಿನೊಳಗೆ ಹೋಗಿ ಚೆಂಡನ್ನು ತಳ್ಳುತ್ತದೆ, ಇನ್ನೊಂದು ಪಾಲು ಹಿಂದಕ್ಕೆ ಬಂದು ಹ್ಯಾಮರನ್ನು ವಾಪಸ್ ಸಿಯರ್ ಮೇಲೆ ಕೂರಿಸುತ್ತದೆ. ಅಷ್ಟರಲ್ಲಿ ವಾಲ್ವ್ ಸ್ಪ್ರಿಂಗ್ ಮತ್ತು ಕಪ್ ಸೀಲ್ ಹಿಂದಿನ ಗ್ಯಾಸ್ ಒತ್ತಡ ಎರಡೂ ಸೇರಿ ವಾಲ್ವನ್ನು ಮುಚ್ಚುತ್ತವೆ.

ಚೆಂಡಿಗೆ ನಿಜವಾಗಿ ಬೇಕಾದ ಒತ್ತಡ ತೀರಾ ಕಡಿಮೆ. ಎಂಟು ಇಂಚು ದೂರದಲ್ಲಿ ಅದನ್ನು 300 ಅಡಿ ವೇಗಕ್ಕೆ ತರಲು, ತಿಕ್ಕಾಟ ಬಿಟ್ಟು ಲೆಕ್ಕ ಹಾಕಿದರೆ, ಹಿಂದಿನಿಂದ ಸರಾಸರಿ 38 ಪಿಎಸ್‌ಐ ತಳ್ಳಿದರೆ ಆಯಿತು. ಅದನ್ನು ಕಾಗದದ ಮೇಲೆ ಮೊದಲ ಸಲ ಬಿಡಿಸಿದಾಗ ನಾನು ಮೂರು ಸಲ ಮತ್ತೆ ಗುಣಿಸಿ ನೋಡಿದ್ದೆ. 800 ಏಕೆ ಬೇಕಾಗಿತ್ತು ಎಂದರೆ ದಾರಿ ಇಕ್ಕಟ್ಟು, ಹೊತ್ತು ಕಡಿಮೆ. ಸಣ್ಣ ತೂತಿನಲ್ಲಿ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತಿನಲ್ಲಿ, ಬೇಕಾದಷ್ಟು ಗ್ಯಾಸ್ ನುಗ್ಗಿಸಬೇಕಿತ್ತು. ಒತ್ತಡ ಇಳಿಸುತ್ತೀರಿ ಎಂದರೆ ಆ ಸಾಲವನ್ನು ಬೇರೆ ಕಡೆ ತೀರಿಸಬೇಕು. ದಾರಿ ಅಗಲ ಮಾಡಬೇಕು, ವಾಲ್ವಿನ ಮುಂದೆ ಗ್ಯಾಸ್ ನಿಲ್ಲುವ ಜಾಗ ದೊಡ್ಡದು ಮಾಡಬೇಕು, ವಾಲ್ವ್ ತೆರೆದಿರುವ ಹೊತ್ತು ಹೆಚ್ಚಿಸಬೇಕು. ಕೈಕೊಟ್ಟ ಮಾರ್ಕರ್‌ಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಒಂದೇ: ಒತ್ತಡ ಇಳಿಸಿದ್ದಾರೆ, ಉಳಿದ ಮೂರರಲ್ಲಿ ಒಂದನ್ನು ಮರೆತಿದ್ದಾರೆ.

ಮೊದಲು ಗ್ಯಾಸ್, ಆಮೇಲೆ ಎಣ್ಣೆ

ಟಕಟಕ ಬಡಿದುಕೊಳ್ಳುವ ಮಾರ್ಕರ್‌ನಲ್ಲಿ ಹ್ಯಾಮರ್ ಹಿಂದಕ್ಕೆ ಪೂರ್ತಿ ಬರುತ್ತಿಲ್ಲ ಎಂದರ್ಥ. ಸಿಯರ್‌ಗೆ ಸಿಕ್ಕದೆ ಮತ್ತೆ ಮುಂದಕ್ಕೆ ಹೋಗಿ ವಾಲ್ವಿಗೆ ಬಡಿಯುತ್ತದೆ, ಪುನಃ ಅರ್ಧ ದಾರಿ ಬರುತ್ತದೆ. ಮೊದಲು ಟ್ಯಾಂಕ್ ತೂಗಿ ನೋಡಿ. ಕಾರ್ಬನ್ ಡೈಆಕ್ಸೈಡ್ ಟ್ಯಾಂಕಿನಲ್ಲಿ ಗೇಜ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು, ಒಂದು ಚಮಚ ದ್ರವ ಇರುವ ತನಕ ಗೇಜ್ ತುಂಬಿದ ಟ್ಯಾಂಕಿನಂತೆಯೇ ತೋರಿಸುತ್ತದೆ. 20 ಔನ್ಸಿನ ಟ್ಯಾಂಕ್ ತುಂಬಿದಾಗ ಖಾಲಿ ತೂಕಕ್ಕಿಂತ ಸುಮಾರು 567 ಗ್ರಾಂ ಹೆಚ್ಚಿರಬೇಕು. ಅಡುಗೆಮನೆಯ ತಕ್ಕಡಿ ಸಾಕು. ಪ್ರತಿ ಟ್ಯಾಂಕಿನ ಖಾಲಿ ತೂಕವನ್ನು ಅದರ ಕುತ್ತಿಗೆಗೆ ಕಟ್ಟಿದ ಚೀಟಿಯಲ್ಲಿ ಬರೆದಿಡಿ.

ಟ್ಯಾಂಕ್ ಸರಿಯಿದ್ದರೆ ಟ್ಯಾಂಕ್ ಬಿಚ್ಚಿ, ಮುಖ ಕೆಳಗೆ ಮಾಡಿ, ಕಾಕಿಂಗ್ ಗುಬ್ಬಿ ಹಿಡಿದು ಹ್ಯಾಮರನ್ನು ಮೆಲ್ಲಗೆ ಹಿಂದೆ ಮುಂದೆ ಎಳೆಯಿರಿ. ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಆಡಬೇಕು. 800ರಲ್ಲಿ ಸ್ವಲ್ಪ ಬಿಗಿ ಇದ್ದರೂ ನಡೆಯುತ್ತಿತ್ತು, ಹಿಂದೆ ತಳ್ಳುವ ಗ್ಯಾಸಿಗೆ ಬಲ ಇತ್ತು. 400ರಲ್ಲಿ ಆ ಮೀಸಲು ಇಲ್ಲ. ಹ್ಯಾಮರ್ ಮೇಲಿನ ಒ-ರಿಂಗ್ (ಗ್ಯಾಸ್ ತಡೆಯುವ ರಬ್ಬರ್ ಬಳೆ) ಒಣಗಿದ್ದರೂ, ಸವೆದು ಗ್ಯಾಸ್ ಪಕ್ಕದಿಂದ ಜಾರಿದರೂ, ಹ್ಯಾಮರ್ ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಒತ್ತಡ ಇಳಿಸಿದ ಪ್ರತಿ ಮಾರ್ಕರ್‌ಗೂ ಮೊದಲು ಹೊಸ ಹ್ಯಾಮರ್ ಒ-ರಿಂಗ್ ಹಾಕುವುದು ನನ್ನ ಅಭ್ಯಾಸ.

ಏಳನೇ ನಂಬರಿನ ಮಾರ್ಕರ್‌ನ ಕತೆ ಇಲ್ಲಿ ಹೇಳಬೇಕು. ಕಳೆದ ಡಿಸೆಂಬರಿನಲ್ಲಿ ಸತತ ಮೂರು ದಿನ ಬೆಳಿಗ್ಗೆ ಎಂಟಕ್ಕೆ ಕೈಕೊಡುತ್ತಿತ್ತು, ಹನ್ನೊಂದರ ಹೊತ್ತಿಗೆ ತಾನೇ ಸರಿಯಾಗುತ್ತಿತ್ತು. ಚಳಿಗೆ ಗ್ಯಾಸ್ ಒತ್ತಡ ಇಳಿಯುತ್ತಿದೆ ಎಂದುಕೊಂಡು ನಾನು ರೆಗ್ಯುಲೇಟರ್ ಗೇಜ್ ನೋಡಿದೆ. 400ರಲ್ಲಿ ಅಲುಗಾಡದೆ ನಿಂತಿತ್ತು. ನಾಲ್ಕನೇ ದಿನ ಬೆಳಿಗ್ಗೆ ಹ್ಯಾಮರ್ ಹೊರಗೆಳೆದೆ. ಅದರ ಮೈ ತುಂಬ ತೆಳು ಬಿಳಿ ಪೊರೆ, ಉಗುರಿನಿಂದ ಕೆರೆದರೆ ಮೇಣದಂತೆ ಸುರುಳಿ ಎದ್ದಿತು. ಮೂಗಿನ ಹತ್ತಿರ ಹಿಡಿದ ಕೂಡಲೇ ಗೊತ್ತಾಯಿತು, ತೆಂಗಿನೆಣ್ಣೆ. ಮೈದಾನದ ಹುಡುಗ ಮಾರ್ಕರ್ ಎಣ್ಣೆ ಖಾಲಿಯಾಯಿತೆಂದು ಸಂಜೆ ಅದನ್ನೇ ಎರಡು ಹನಿ ಬಿಟ್ಟಿದ್ದ. ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಸಂಜೆ ನೀರಿನಂತಿದ್ದದ್ದು ರಾತ್ರಿ ಚಳಿಗೆ ಹ್ಯಾಮರನ್ನು ಕೊಳವೆಗೆ ಅಂಟಿಸಿತ್ತು. ಮೈದಾನ ಬಿಸಿಲಿಗೆ ಕಾಯ್ದ ಮೇಲೆ ಕರಗಿ ಬಿಡುತ್ತಿತ್ತು. ಹುಡುಗನ ತಪ್ಪಲ್ಲ, ಬಾಟಲಿ ಖಾಲಿಯಾಗಿದೆ ಎಂದು ನಾನೇ ನೋಡಿಕೊಳ್ಳಬೇಕಿತ್ತು. ಪೇಂಟ್‌ಬಾಲ್‌ಗೆಂದೇ ಬರುವ ಎಣ್ಣೆಯನ್ನೇ ಬಳಸಿ. ಸಂಕುಚಿತ ಗಾಳಿಯ ಟ್ಯಾಂಕ್ ಇದ್ದರೆ ತುಂಬಿಸುವ ಬಾಯಿಗೆ ಯಾವ ಎಣ್ಣೆಯನ್ನೂ ಹನಿಸಬಾರದು. 3000 ಪಿಎಸ್‌ಐ ಗಾಳಿ ಒಮ್ಮೆಲೇ ನುಗ್ಗಿದಾಗ ಎದ್ದ ಬಿಸಿಗೆ ಎಣ್ಣೆ ಹೊತ್ತಿಕೊಳ್ಳಬಹುದು.

ಗುಡ್ಡ ಹತ್ತಿ ಇಳಿಯುವ ಪರೀಕ್ಷೆ

ಗ್ಯಾಸ್ ಇದೆ, ಹ್ಯಾಮರ್ ಸಲೀಸು, ಆದರೂ ವೇಗ ಬರುತ್ತಿಲ್ಲ. ಇಲ್ಲಿಂದ ಮುಂದೆ ಚೆಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಲ್ಲದೆ ಒಂದು ಹೆಜ್ಜೆಯೂ ಇಡಬೇಡಿ. ಕಿವಿಗೆ ಜೋರಾಗಿ ಕೇಳಿದ್ದು ವೇಗ ಅಲ್ಲ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ: ಈ ಬಗೆಯ ವಾಲ್ವಿನಲ್ಲಿ ಒತ್ತಡ ಏರಿಸಿದರೆ ವೇಗ ಕಡಿಮೆಯಾಗಲೂಬಹುದು. ಕಪ್ ಸೀಲ್ ಕೂರುವ ವೃತ್ತದ ಅಡ್ಡಳತೆ 9 ಮಿಲಿಮೀಟರ್ ಎಂದಿಟ್ಟುಕೊಳ್ಳಿ. 800 ಪಿಎಸ್‌ಐಯಲ್ಲಿ ಗ್ಯಾಸ್ ಅದನ್ನು ಸುಮಾರು 36 ಕಿಲೋ ಭಾರದಷ್ಟು ಒತ್ತಿ ಮುಚ್ಚಿರುತ್ತದೆ. 400ರಲ್ಲಿ 18 ಕಿಲೋ. ಹ್ಯಾಮರ್ ಅದೇ, ಮೇನ್ ಸ್ಪ್ರಿಂಗ್ ಅದೇ. ಒತ್ತಡ ಹೆಚ್ಚಾದಷ್ಟೂ ವಾಲ್ವ್ ಎದ್ದೇಳುವುದು ಕಡಿಮೆ, ಬೇಗ ಮುಚ್ಚಿಕೊಳ್ಳುತ್ತದೆ. ತೀರಾ ಕಡಿಮೆಯಾದರೆ ವಾಲ್ವ್ ಧಾರಾಳ ತೆರೆಯುತ್ತದೆ, ಆದರೆ ಹೋಗಲು ಗ್ಯಾಸಿನಲ್ಲಿ ಬಲವಿಲ್ಲ. ಎರಡರ ನಡುವೆ ಎಲ್ಲೋ ಒಂದು ತುದಿ ಇರುತ್ತದೆ. ಒತ್ತಡವನ್ನು ಅಡ್ಡಕ್ಕೆ, ವೇಗವನ್ನು ಉದ್ದಕ್ಕೆ ಬರೆದರೆ ಅದು ಬೆಟ್ಟದ ಆಕಾರ.

ಈ ಬೆಟ್ಟ ಹತ್ತಿ ನೋಡುವುದೇ ನನ್ನ ಮುಖ್ಯ ಪರೀಕ್ಷೆ. ವೇಗ ಹೊಂದಿಸುವ ಸ್ಕ್ರೂ ಮುಟ್ಟದೆ ರೆಗ್ಯುಲೇಟರನ್ನು 300ಕ್ಕೆ ಇಳಿಸಿ, 50ರಂತೆ ಏರಿಸುತ್ತಾ, ಪ್ರತಿ ಹಂತದಲ್ಲಿ ಐದು ಚೆಂಡು ಹೊಡೆದು ನಡುವಿನ ಅಂಕಿ ಬರೆದುಕೊಳ್ಳಿ. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ಹತ್ತು ಸೆಕೆಂಡ್ ಬಿಡಿ. ಯಾವ ಹಂತದಲ್ಲಾದರೂ ವೇಗ 300 ಅಡಿ ದಾಟಿದರೆ ಅಲ್ಲೇ ನಿಲ್ಲಿಸಿ ಮೇನ್ ಸ್ಪ್ರಿಂಗ್ ಸಡಿಲಿಸಿ ಮೊದಲಿನಿಂದ ಶುರು ಮಾಡಿ. ಎಣ್ಣೆ ತೊಳೆದ ಮೇಲೂ ಏಳನೇ ನಂಬರಿನಲ್ಲಿ ವೇಗ ಕಡಿಮೆ ಇತ್ತು. ಅದರ ಅಂಕಿ ನನ್ನ ಪುಸ್ತಕದಲ್ಲಿ ಹೀಗಿದೆ: 300 ಪಿಎಸ್‌ಐಗೆ 221 ಅಡಿ, 350ಕ್ಕೆ 238, 400ಕ್ಕೆ 249, 450ಕ್ಕೆ 252, 500ಕ್ಕೆ 246, 600ಕ್ಕೆ 229. ಹುಡುಗ 600ಕ್ಕೆ ಏರಿಸಿ "ಇನ್ನೂ ಸಾಲದು" ಎನ್ನುತ್ತಿದ್ದಾಗ ಅವನು ತುದಿ ದಾಟಿ ಆಚೆ ಇಳಿಯುತ್ತಿದ್ದ.

ಬೆಟ್ಟದ ಆಕಾರವೇ ದೋಷದ ಜಾಗ ಹೇಳುತ್ತದೆ. ತುದಿ 600ಕ್ಕಿಂತ ಮೇಲೆ ಎಲ್ಲೋ ಇದ್ದು ಏರುತ್ತಲೇ ಹೋದರೆ, ವಾಲ್ವ್ ಸಾಕಷ್ಟು ತೆರೆಯುತ್ತಿದೆ, ಇಕ್ಕಟ್ಟು ಇರುವುದು ದಾರಿಯಲ್ಲಿ. ತುದಿ ತೀರಾ ಬೇಗ, 300ರ ಹತ್ತಿರವೇ ಬಂದು ಇಳಿದರೆ, ಹ್ಯಾಮರ್ ಏಟು ಸಾಲದು ಅಥವಾ ವಾಲ್ವ್ ಸ್ಪ್ರಿಂಗ್ ಬಿಗಿ. ತುದಿ ಇರಬೇಕಾದ ಕಡೆಯೇ ಇದೆ, ಆದರೆ ಬೆಟ್ಟ ಪೂರ್ತಿ ಗಿಡ್ಡ ಎಂದರೆ, ಏಳನೇ ನಂಬರಿನಂತೆ, ಗ್ಯಾಸ್ ಹೊರಟಿದೆ ಆದರೆ ಚೆಂಡಿಗೆ ಸೇರುತ್ತಿಲ್ಲ. ಸೋರಿಕೆ ಹುಡುಕಬೇಕು, ತೂತುಗಳು ಎದುರುಬದುರು ಇವೆಯೇ ನೋಡಬೇಕು.

ಬೋಲ್ಟ್ ತೆಗೆದು ಮೇಲಿನ ಕೊಳವೆಯಲ್ಲಿ ಟಾರ್ಚ್ ಬಿಟ್ಟು ನೋಡಿದೆ. ಮಾರ್ಕರ್ ಮೈಯ ತೂತು ಹುಣ್ಣಿಮೆಯಂತೆ ದುಂಡಗೆ ಕಾಣಬೇಕು, ಅದರ ಆಚೆ ವಾಲ್ವಿನ ತೂತು ಅಷ್ಟೇ ದುಂಡಗೆ ಕೂತಿರಬೇಕು. ಇಲ್ಲಿ ಕಂಡದ್ದು ಅರ್ಧಚಂದ್ರ. ಒಳಗೆ ಉಜ್ಜಿ ವಾಪಸ್ ಹಾಕುವಾಗ ವಾಲ್ವ್ ಸ್ವಲ್ಪ ತಿರುಗಿ ಕೂತಿತ್ತು, ಅದನ್ನು ಹಿಡಿಯುವ ಸ್ಕ್ರೂ ಗುಳಿಗೆ ಸೇರದೆ ಪಕ್ಕದ ಮೈಗೆ ಒತ್ತಿತ್ತು. ಅಗಲ ಮಾಡಿದ ದಾರಿಯ ಮೂರನೇ ಒಂದು ಪಾಲು ಗೋಡೆಗೆ ತಾಗುತ್ತಿತ್ತು. ತಿರುಗಿಸಿ, ಸ್ಕ್ರೂ ಗುಳಿಗೆ ಕೂರಿಸಿ, ಮತ್ತೆ ಹೊಡೆದಾಗ 350ಕ್ಕೆ 271, 400ಕ್ಕೆ 283.

ಸ್ಪ್ರಿಂಗ್ ಕತ್ತರಿಸುವವರಿಗೆ

ವಾಲ್ವ್ ಹೆಚ್ಚು ಹೊತ್ತು ತೆರೆದಿರಲು ಎರಡು ದಾರಿ. ಮೇನ್ ಸ್ಪ್ರಿಂಗ್ ಬಿಗಿ ಮಾಡುವುದು, ಇಲ್ಲವೇ ವಾಲ್ವ್ ಸ್ಪ್ರಿಂಗ್ ಹಗುರ ಮಾಡುವುದು. ಬ್ಲೋಬ್ಯಾಕ್‌ನಲ್ಲಿ ನಾನು ಯಾವಾಗಲೂ ಎರಡನೆಯದನ್ನೇ ಮೊದಲು ಮಾಡುತ್ತೇನೆ. ಮೇನ್ ಸ್ಪ್ರಿಂಗ್ ಬಿಗಿಯಾದರೆ ಹ್ಯಾಮರನ್ನು ಹಿಂದೆ ಕೂರಿಸಲು ಹೆಚ್ಚು ಬಲ ಬೇಕು, ಆ ಬಲವನ್ನೇ ನೀವು ಇಳಿಸಿಬಿಟ್ಟಿದ್ದೀರಿ. ಟಕಟಕ ಶುರುವಾಗುವುದು ಅಲ್ಲಿಂದಲೇ.

ಹಗುರ ಮಾಡಲು ಇಕ್ಕಳ ಹಿಡಿದು ವಾಲ್ವ್ ಸ್ಪ್ರಿಂಗಿನ ಎರಡು ಸುತ್ತು ಕತ್ತರಿಸುವವರಿದ್ದಾರೆ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡಸಾಗುತ್ತದೆ. ಕೂತಲ್ಲಿ ಒತ್ತುವ ಬಲ ಕಡಿಮೆಯಾಗುತ್ತದೆ ನಿಜ, ಆದರೆ ಪ್ರತಿ ಮಿಲಿಮೀಟರ್ ಒತ್ತಲು ಮೊದಲಿಗಿಂತ ಹೆಚ್ಚು ಬಲ ಬೇಕಾಗುತ್ತದೆ. ಅಂದರೆ ಮುಚ್ಚಿರಬೇಕಾದಾಗ ಸಡಿಲ, ತೆರೆಯಬೇಕಾದಾಗ ಬಿಗಿ: ಬೇಕಾದದ್ದಕ್ಕೆ ತದ್ವಿರುದ್ಧ. ಇಂಥ ಮಾರ್ಕರ್‌ಗೆ ಟ್ಯಾಂಕ್ ತಿರುಗಿಸಿದ ಕೂಡಲೇ ಬ್ಯಾರಲ್‌ನಿಂದ ಬುಸ್ ಎಂದು ಗ್ಯಾಸ್ ಹೋಗುತ್ತದೆ. ಅದೇ ಉದ್ದದ, ತೆಳು ತಂತಿಯ ಸ್ಪ್ರಿಂಗ್ ಹಾಕುವುದೇ ಸರಿಯಾದ ದಾರಿ. ಸ್ಪ್ರಿಂಗ್ ಕಿಟ್‌ಗಳಲ್ಲಿ ಬಿಗಿಯಿಂದ ಹಗುರದವರೆಗೆ ಹಲವು ಬರುತ್ತವೆ, ಒಂದೊಂದಾಗಿ ಹಾಕಿ ನೋಡಿ.

ಬ್ಯಾರಲ್‌ನಿಂದ ಗ್ಯಾಸ್ ಸೋರಿದಾಗಲೆಲ್ಲ ಕಪ್ ಸೀಲ್ ಹೋಯಿತೆಂದು ಬಿಚ್ಚಬೇಡಿ. ಮೊದಲು ಹ್ಯಾಮರನ್ನು ಹಿಂದಕ್ಕೆಳೆದು ಸಿಯರ್ ಮೇಲೆ ಕೂರಿಸಿ, ಆಮೇಲೆ ಟ್ಯಾಂಕ್ ತಿರುಗಿಸಿ. ಕೂರಿಸದಿದ್ದರೆ ಹ್ಯಾಮರ್ ವಾಲ್ವ್ ಕಡ್ಡಿಯ ಮೇಲೆ ಒರಗಿರುತ್ತದೆ, ಹಗುರ ಸ್ಪ್ರಿಂಗಿಗೆ ಅದನ್ನು ತಳ್ಳಿ ಮುಚ್ಚುವ ಶಕ್ತಿ ಇರುವುದಿಲ್ಲ. ಕೂರಿಸಿದ ಮೇಲೂ ಸೋರಿದರೆ ಆಗ ಕಪ್ ಸೀಲ್ ತೆಗೆದು ಬೆಳಕಿಗೆ ಹಿಡಿಯಿರಿ. ವೃತ್ತಾಕಾರದ ಗುರುತು ಒಂದೇ ಸಮ ಇರಬೇಕು. ಎಲ್ಲಾದರೂ ಅಡ್ಡ ಗೀರು ಇದ್ದರೆ ಸೀಲ್ ಬದಲಿಸಿ. ವಾಲ್ವಿನ ಕೂರುವ ಅಂಚಿಗೆ ಮಾತ್ರ ಎಂದಿಗೂ ಎಮರಿ ತಾಗಿಸಬೇಡಿ. ತೂತಿನ ಒಳಗೋಡೆ ಉಜ್ಜಿ ನುಣುಪು ಮಾಡಬಹುದು, ಚೂಪು ಮೂಲೆ ಮುರಿಯಬಹುದು, ಆ ಅಂಚು ಹಾಳಾದರೆ ವಾಲ್ವೇ ಹೋದ ಹಾಗೆ. ಉಜ್ಜಿದ ಮೇಲೆ ಉಳಿದ ಲೋಹದ ಮುಳ್ಳನ್ನು ಬಟ್ಟೆಯಿಂದಲ್ಲ, ಹತ್ತಿಯ ಉಂಡೆಯಿಂದ ಒರೆಸಿ ನೋಡಿ. ಎಳೆ ಸಿಕ್ಕಿಕೊಂಡ ಕಡೆ ಮುಳ್ಳು ಇದೆ, ಅದೇ ನಾಳೆ ಒ-ರಿಂಗ್ ಕೊಯ್ಯುತ್ತದೆ.

ಟಿಪ್‌ಮನ್ 98ರಲ್ಲಿ ಪಕ್ಕದ ವೇಗದ ಸ್ಕ್ರೂ ಸ್ಪ್ರಿಂಗ್ ಒತ್ತುವುದಿಲ್ಲ, ಗ್ಯಾಸಿನ ದಾರಿಗೇ ಅಡ್ಡ ನಿಲ್ಲುತ್ತದೆ. ಒತ್ತಡ ಇಳಿಸುವ ಮೊದಲು ಅದನ್ನು ಕಳಚದೆ, ದಾರಿ ತೆರೆಯುವಷ್ಟು ಹೊರಕ್ಕೆ ತಿರುಗಿಸಿ. ಒಳಗಿನ ಎಲ್ಲವನ್ನೂ ಬದಲಿಸಿ ಇದೊಂದನ್ನು ಮರೆತವರು ಕಡಿಮೆಯಿಲ್ಲ.

ಮೊದಲ ಹೊಡೆತ ಬೇರೆ, ಉಳಿದವು ಬೇರೆ

ಎರಡು ನಿಮಿಷ ಸುಮ್ಮನಿಟ್ಟು ಹೊಡೆದಾಗ ಮೊದಲ ಚೆಂಡಿನ ವೇಗ ಬೇರೆ ಬಂದು, ಎರಡನೆಯದರಿಂದ ಸರಿಯಾಗುತ್ತದೆ ಎಂದರೆ ರೆಗ್ಯುಲೇಟರ್ ತೆವಳುತ್ತಿದೆ. ಒಳಗಿನ ಸೀಟ್‌ನಲ್ಲಿ ಗೀರು ಬಿದ್ದಿದೆ ಅಥವಾ ಕಸ ಕೂತಿದೆ, ಮುಚ್ಚಿದ ಮೇಲೂ ಗ್ಯಾಸ್ ನುಸುಳಿ ಒತ್ತಡ ಏರುತ್ತದೆ. ಗೇಜ್ ಇದ್ದರೆ ಮುಳ್ಳು 400ರಿಂದ ಮೆಲ್ಲಗೆ 440, 470 ಎಂದು ಸರಿಯುವುದು ಕಾಣುತ್ತದೆ. ಬೆಟ್ಟದ ಪರೀಕ್ಷೆ ಮಾಡಿದ್ದರೆ ಗೇಜ್ ಇಲ್ಲದೆಯೂ ಇದನ್ನು ಓದಬಹುದು. ನೀವು ತುದಿಯ ಈಚೆ ಇದ್ದರೆ ತೆವಳಿದ ಒತ್ತಡ ಮೊದಲ ಚೆಂಡನ್ನು ಜೋರು ಮಾಡುತ್ತದೆ, ತುದಿಯ ಆಚೆ ಇದ್ದರೆ ಮೆತ್ತಗೆ ಮಾಡುತ್ತದೆ. ಒಂದೇ ದೋಷ, ಎರಡು ವಿರುದ್ಧ ಮುಖ. ಮೆತ್ತಗಿನ ಮೊದಲ ಹೊಡೆತಕ್ಕೆ ಒತ್ತಡ ಏರಿಸುವುದು ಮದ್ದು ಎಂದುಕೊಂಡರೆ ದೋಷ ಇನ್ನೂ ಆಳಕ್ಕೆ ಹೋಗುತ್ತದೆ.

ದ್ರವ ಕಾರ್ಬನ್ ಡೈಆಕ್ಸೈಡ್ ರೆಗ್ಯುಲೇಟರ್‌ಗೆ ಹೊಕ್ಕರೆ ಸೀಟ್ ಬೇಗ ಹಾಳಾಗುತ್ತದೆ. ಮಾರ್ಕರನ್ನು ಮೂತಿ ಕೆಳಗೆ ಮಾಡಿ ಗೋಡೆಗೆ ಒರಗಿಸಿಡುವುದು ನಮ್ಮಲ್ಲಿ ಎಲ್ಲರಿಗೂ ಅಭ್ಯಾಸವಾಗಿತ್ತು, ಹಾಗಿಟ್ಟರೆ ದ್ರವ ನೇರ ಒಳಕ್ಕಿಳಿಯುತ್ತದೆ. ಈಗ ಟ್ಯಾಂಕ್ ಕೆಳಗೆ, ಮೂತಿ ಮೇಲೆ ಇರುವಂತೆ ಮರದ ಗೂಟ ಹೊಡೆಸಿದ್ದೇನೆ. ಕಪ್ಪು ನೈಟ್ರೈಲ್ ಒ-ರಿಂಗ್‌ಗಳು ಈ ಗ್ಯಾಸ್ ಹೀರಿ ಊದಿಕೊಳ್ಳುತ್ತವೆ, ಟ್ಯಾಂಕ್ ಬಿಚ್ಚಿದಾಗ ಬೊಬ್ಬೆ ಎದ್ದು ಸೀಳುತ್ತವೆ. ಟ್ಯಾಂಕಿನ ಬಾಯಿಗೆ 015 ಅಳತೆಯ ಯುರಿಥೇನ್ ಒ-ರಿಂಗ್ ಹಾಕಿ, ಬಾಳಿಕೆ ಬರುತ್ತದೆ.

ಮೊದಲ ಹೊಡೆತ ಸರಿಯಿದ್ದು, ಬೇಗ ಬೇಗ ಹೊಡೆದಾಗ ಒಂದೊಂದೇ ಇಳಿಯುತ್ತಾ ಹೋದರೆ ಅದು ತುಂಬುವ ವೇಗದ ಕೊರತೆ. ಟ್ಯಾಂಕ್ ಪಿನ್ ಪೂರ್ತಿ ಒತ್ತಿಕೊಂಡಿಲ್ಲ, ಹೋಸ್ ಮಡಚಿದೆ, ಅಥವಾ ರೆಗ್ಯುಲೇಟರ್‌ಗೆ ಬರುವ ಒತ್ತಡವೇ ಕಡಿಮೆ. 450 ಪಿಎಸ್‌ಐ ಕೊಡುವ ಗಾಳಿ ಟ್ಯಾಂಕಿಗೆ 400ಕ್ಕೆ ಹೊಂದಿಸಿದ ರೆಗ್ಯುಲೇಟರ್ ಜೋಡಿಸಿದ್ದ ಒಂದು ಮಾರ್ಕರ್‌ನಲ್ಲಿ ಇದೇ ಆಗಿತ್ತು. ಎರಡರ ನಡುವೆ 50ರ ಅಂತರ ಏನೂ ಸಾಲದು. 800ರ ಟ್ಯಾಂಕಿಗೆ ಬದಲಿಸಿದ ಕೂಡಲೇ ಸರಿಯಾಯಿತು.

ಮಾರ್ಕರ್ ಅಲ್ಲದ ದೋಷಗಳು

ಪೇಂಟ್‌ಬಾಲಿನ ಚಿಪ್ಪು ಜೆಲಟಿನ್. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಗಾಳಿಯಲ್ಲಿ ಒಣಗಿದ ಅಪ್ಪಳವೇ ಒಂದು ಗಂಟೆ ಗರಿಗರಿ ಉಳಿಯುವುದಿಲ್ಲ, ಇನ್ನು ಜೆಲಟಿನ್ ಉಳಿಯುತ್ತದೆಯೇ? ನೀರು ಹೀರಿ ಮೆತ್ತಗಾಗಿ ಊದಿಕೊಳ್ಳುತ್ತದೆ, ಅದುಮಿಟ್ಟ ಕಡೆ ಚಪ್ಪಟೆಯಾಗುತ್ತದೆ. ಅಂಥ ಚೆಂಡಿನಿಂದ ಬಂದ ಕ್ರೋನೊ ಅಂಕಿ ನಂಬಿ ಒಳಗಿನ ಸ್ಪ್ರಿಂಗ್ ಬದಲಿಸಿದರೆ, ಒಣ ಚೆಂಡು ಬಂದ ದಿನ ಮತ್ತೆ ಬದಲಿಸಬೇಕಾಗುತ್ತದೆ. ಬ್ಯಾರಲ್ ಬಿಚ್ಚಿ ಹಿಂದಿನಿಂದ ಚೆಂಡು ಇಡಿ. ತಾನಾಗಿ ಉರುಳಿ ಹೋಗಬಾರದು, ಬಾಯಿಂದ ಊದಿದರೆ ಹೊರಬರಬೇಕು. ಇದು ಸರಿಯಿದ್ದರೆ ಮಾತ್ರ ಪರೀಕ್ಷೆ ಶುರು ಮಾಡಿ. ಮಳೆಗಾಲದಲ್ಲಿ ಚೆಂಡಿನ ಚೀಲ ತೆರೆದ ಮೇಲೆ ನಾನು ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ಅದೇ ವಾರ ಮುಗಿಸುತ್ತೇನೆ. ಫ್ರಿಜ್‌ನಲ್ಲಿ ಇಡಬೇಡಿ, ಚಿಪ್ಪು ಪೆಡಸಾಗಿ ಬ್ಯಾರಲ್‌ನಲ್ಲೇ ಒಡೆಯುತ್ತದೆ.

ಚೆಂಡು ಬೋಲ್ಟಿಗೆ ಸಿಕ್ಕಿ ಕೊಯ್ದುಹೋದರೆ ಒತ್ತಡ ಇಳಿಸಿದ್ದು ಕಾರಣವಲ್ಲ, ಮದ್ದೂ ಅಲ್ಲ. ಅದು ಹಾಪರ್ ನಿಧಾನವಾಗಿರುವುದರಿಂದ ಅಥವಾ ಚೆಂಡನ್ನು ತಡೆದು ನಿಲ್ಲಿಸುವ ಡಿಟೆಂಟ್ ಸವೆದಿರುವುದರಿಂದ.

ಕ್ರೋನೋಗ್ರಾಫನ್ನೂ ಅನುಮಾನಿಸಬೇಕಾದ ಸಂದರ್ಭ ಇದೆ. ನಾನು ವರ್ಷದ ಹೆಚ್ಚಿನ ಕಾಲ ಕಾಫಿ ಕಣದಲ್ಲಿ ಪರೀಕ್ಷಿಸುತ್ತೇನೆ, ಬಯಲು ಜಾಗ, ಒಂದೇ ಸಮನಾದ ಬೆಳಕು. ಡಿಸೆಂಬರಿನಿಂದ ಕಣದ ತುಂಬ ಹಣ್ಣು ಹರಡಿರುತ್ತದೆ, ಹಾಗಾಗಿ ಮರದಡಿಗೆ ಹೋಗುತ್ತೇವೆ. ಬೆಳಕಿನ ಸೆನ್ಸರ್ ಇರುವ ಕ್ರೋನೊ ಮೇಲೆ ಸಿಲ್ವರ್ ಓಕ್ ಎಲೆಗಳ ನೆರಳು ಅಲುಗಾಡಿದರೆ ಒಂದು ಹೊಡೆತಕ್ಕೆ 190, ಮುಂದಿನದಕ್ಕೆ 340 ತೋರಿಸುತ್ತದೆ. ಅಂಥ ಜಿಗಿತ ಕಂಡರೆ ಮಾರ್ಕರ್ ಮುಟ್ಟಬೇಡಿ, ಮೊದಲು ಕ್ರೋನೊ ಎತ್ತಿಕೊಂಡು ಮನೆಯ ಗೋಡೆಯ ಒಂದೇ ಸಮ ನೆರಳಿಗೆ ಬನ್ನಿ.

ಎಲ್ಲ ಸರಿಹೋದ ಮೇಲೆ ಹತ್ತು ಹೊಡೆತದ ಅಂಕಿ ಬರೆಯುತ್ತೇನೆ. ಹೆಚ್ಚಿನದಕ್ಕೂ ಕಡಿಮೆಯದಕ್ಕೂ ಹತ್ತು ಅಡಿಗಿಂತ ಹೆಚ್ಚು ಅಂತರ ಇರಬಾರದು, ಯಾವುದೂ ನಮ್ಮ ಮೈದಾನದ ಮಿತಿಯಾದ 280 ದಾಟಬಾರದು. ಏಳನೇ ನಂಬರಿಗೆ 385 ಪಿಎಸ್‌ಐ ಇಟ್ಟು, ವೇಗದ ಸ್ಕ್ರೂ ಅರ್ಧ ಸುತ್ತು ಸಡಿಲಿಸಿದಾಗ 268ರಿಂದ 276ರ ಒಳಗೆ ನಿಂತಿತು. ರೆಗ್ಯುಲೇಟರ್ ಮೇಲೆ ಅಡ್ಡ ಒಂದು ಬಿಳಿ ಬಣ್ಣದ ಗೆರೆ ಎಳೆದೆ, ಯಾರಾದರೂ ತಿರುಗಿಸಿದರೆ ಗೆರೆ ಮುರಿದು ಕಾಣುತ್ತದೆ. ಒತ್ತಡ, ಸ್ಪ್ರಿಂಗಿನ ಬಣ್ಣ, ಸ್ಕ್ರೂ ಎಷ್ಟು ಸುತ್ತು, ತಾರೀಕು ಇಷ್ಟನ್ನು ಸಣ್ಣ ಚೀಟಿಯಲ್ಲಿ ಬರೆದು, ಪ್ಲಾಸ್ಟಿಕ್ ಸುತ್ತಿ, ಹಿಡಿಯ ಪಟ್ಟಿಯ ಒಳಗಡೆ ಅಂಟಿಸಿದ್ದೇನೆ. ಅದರ ಕೆಳಗೆ ಹುಡುಗ ತನ್ನ ಅಕ್ಷರದಲ್ಲಿ ಸೇರಿಸಿದ್ದಾನೆ: "ತೆಂಗಿನೆಣ್ಣೆ ಹಾಕಬಾರದು."